ಬೀಗಕ್ಕೂ ಒಂದು ಗಡುವು ಬೇಕು

ಸಂಘದ ಕಳೆದ ಕೂಟದಲ್ಲಿ ಸಂವಿಧಾನದ ಪಾಠವನ್ನು ಮಕ್ಕಳಿಗೆ ಹೇಳಿಕೊಡುವ ಬಗೆಯನ್ನು ಕುರಿತು ಮಾತು ನಡೆದಿತ್ತು. ಆಗ ಉಪಾಧ್ಯಾಯ ಮಿತ್ರರೊಬ್ಬರು ಹೀಗೆಂದರು: "ಹಕ್ಕುಗಳೆಲ್ಲ ಸಾಮಾನ್ಯ ಕಾಲಕ್ಕೆ ಸರಿ. ರೋಗ ಬಂದಾಗ, ದಂಗೆಯಾದಾಗ ಸೆರೆಮನೆಯ ಬಾಗಿಲನ್ನು ಭದ್ರಪಡಿಸಲೇಬೇಕು. ಅಂಥ ಹೊತ್ತಿನಲ್ಲಿ ಕೈದಿಗೆ ನ್ಯಾಯದ ವಿಧಿವಿಧಾನ ಎಂದು ಕುಳಿತರೆ ಆದೀತೆ? ಮೊದಲು ಜೀವ, ಆಮೇಲೆ ಕಾಯಿದೆ." ಕೂಟದಲ್ಲಿದ್ದ ಬಹುಮಂದಿ ತಲೆದೂಗಿದರು. ನನಗೂ ಆ ಹೊತ್ತಿಗೆ ತಕ್ಕ ಉತ್ತರ ಹೊಳೆಯಲಿಲ್ಲ, ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದು ಮನಸ್ಸನ್ನು ಕುಟುಕುತ್ತಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಮಿತ್ರರು ಬೇಸರಿಸಬಾರದು.

ಪ್ರಶ್ನೆಯನ್ನು ಮೊದಲು ಸರಿಯಾಗಿ ಇಟ್ಟುಕೊಳ್ಳೋಣ. ಸೆರೆಮನೆಯೊಳಗೆ ದಂಗೆಯೆದ್ದರೆ ಕೋಣೆಗಳಿಗೆ ಬೀಗ ಹಾಕಬಾರದೆಂದು ಯಾರೂ ಹೇಳುವುದಿಲ್ಲ. ಸಾಂಕ್ರಾಮಿಕ ರೋಗ ಹಬ್ಬಿದರೆ ಬಂಧುಬಳಗದ ಮುಲಾಖತನ್ನು ಕೆಲವು ದಿನ ನಿಲ್ಲಿಸುವುದೂ ತಪ್ಪಲ್ಲ. ಆದರೆ ಆ ಬೀಗ ಬಿದ್ದ ಕ್ಷಣದಲ್ಲಿಯೇ ಕೈದಿಯ ಅರ್ಜಿ, ವಕೀಲರ ಭೇಟಿ, ನ್ಯಾಯಾಧೀಶರ ಮುಂದೆ ನಿಲ್ಲುವ ದಿನ, ತನ್ನನ್ನು ಒಂಟಿ ಕೋಣೆಗೆ ಏಕೆ ದೂಡಿದರೆಂದು ಕೇಳುವ ಅವಕಾಶ, ಇವೆಲ್ಲವೂ ಸದ್ದಿಲ್ಲದೆ ಒಳಗೇ ಉಳಿದುಬಿಡುತ್ತವೆ. ಇವನ್ನು ನಿಲ್ಲಿಸಬೇಕೆಂದು ಯಾರೂ ಆಜ್ಞೆ ಬರೆದಿರುವುದಿಲ್ಲ. ಆದ್ದರಿಂದಲೇ ಯಾರೂ ಉತ್ತರ ಹೇಳಬೇಕಾಗಿಯೂ ಬರುವುದಿಲ್ಲ. ನನ್ನ ತಕರಾರು ಇಷ್ಟೇ: ಮನುಷ್ಯನನ್ನು ಒಳಗಿಡುವ ಬೀಗ ಅವನ ಕಾಗದವನ್ನು ಒಳಗಿಡಕೂಡದು. ತುರ್ತಿನ ಹೆಸರಿನಲ್ಲಿ ಹಾಕಿದ ಬೀಗಕ್ಕೆ ಬರೆದ ಕಾರಣವಿರಬೇಕು, ಅದನ್ನು ನೋಡುವ ಹೊರಗಿನವರೊಬ್ಬರು ಇರಬೇಕು, ಅದಕ್ಕೊಂದು ಗಡುವೂ ಇರಬೇಕು.

ನಾವು ಮಾಸ್ತರರಿಗೆ ಇದು ತಿಳಿಯದ ಸಂಗತಿಯಲ್ಲ. ಕಿಟಕಿಯ ಗಾಜನ್ನು ಒಬ್ಬ ಹುಡುಗ ಒಡೆದಿರುತ್ತಾನೆ. ಯಾರೆಂದು ಗೊತ್ತಾಗದೆ ಇಡೀ ವರ್ಗವನ್ನು ಮಧ್ಯಾಹ್ನದ ಬಿಡುವಿನಲ್ಲಿ ಕೂಡಿಹಾಕುತ್ತೇವೆ. ಮೊದಲ ದಿನ ಅದು ಶಿಸ್ತು. ಮೂರನೆಯ ದಿನವೂ ಬಾಗಿಲು ತೆರೆಯದಿದ್ದರೆ, ತಪ್ಪೇ ಮಾಡದ ಮಗು ಎದ್ದುನಿಂತು "ಗುರುಗಳೇ, ನಾನೇನು ಮಾಡಿದೆ?" ಎಂದು ಕೇಳಿದಾಗ "ಕೂಡು" ಎಂದಷ್ಟೇ ಗದರಿದರೆ, ಅದನ್ನು ಏನೆಂದು ಕರೆಯಬೇಕು? ನಮ್ಮಲ್ಲಿ ಹಾಗೆ ಗದರದಿದ್ದವರು ವಿರಳ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಈಚಿನ ಅನುಭವದಿಂದಲೇ ಆರಂಭಿಸುತ್ತೇನೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗ ಹಬ್ಬಿದಾಗ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಸೆರೆಮನೆಗಳ ವಿಷಯವನ್ನು ಕೈಗೆತ್ತಿಕೊಂಡಿತು. ಮಾರ್ಚ್ 23ರ ಆಜ್ಞೆಯಲ್ಲಿ, ಯಾರನ್ನು ಜಾಮೀನಿನ ಮೇಲೆ ಅಥವಾ ಪೆರೋಲಿನ ಮೇಲೆ ಬಿಡಬಹುದೆಂದು ನಿರ್ಣಯಿಸಲು ಪ್ರತಿಯೊಂದು ರಾಜ್ಯವೂ ಉನ್ನತಾಧಿಕಾರ ಸಮಿತಿಯನ್ನು ರಚಿಸಬೇಕೆಂದು ಹೇಳಿತು. ಅದೇ ಆಜ್ಞೆಯಲ್ಲಿ, ವಿಚಾರಣಾಧೀನ ಕೈದಿಗಳನ್ನು ನ್ಯಾಯಾಲಯಕ್ಕೆ ಕರೆತರುವುದನ್ನು ನಿಲ್ಲಿಸಿ ದೃಶ್ಯವಾಣಿಯ ಮೂಲಕ ವಿಚಾರಿಸಬೇಕೆಂದೂ ಹೇಳಿತು. ಏಪ್ರಿಲಿನಲ್ಲಿ ನಮ್ಮ ಮಹಾರಾಷ್ಟ್ರ ಸರಕಾರವು ಮುಂಬಯಿ, ಬೈಕುಳಾ, ಠಾಣೆ, ಕಲ್ಯಾಣ ಮತ್ತು ಯೆರವಡಾ ಸೆರೆಮನೆಗಳನ್ನು ಪೂರ್ಣವಾಗಿ ಮುಚ್ಚಿತು. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ, ಕಾವಲು ಸಿಬ್ಬಂದಿಯೂ ಒಳಗೇ ವಾಸ. ಆದರೂ ಮೇ ತಿಂಗಳ ಮೊದಲ ವಾರದಲ್ಲಿ ಮುಂಬಯಿಯ ಆರ್ಥರ್ ರಸ್ತೆಯ ಸೆರೆಮನೆಯಲ್ಲಿ 77 ಕೈದಿಗಳಿಗೂ 26 ಸಿಬ್ಬಂದಿಗೂ ಸೋಂಕು ತಗಲಿದ್ದು ಗೊತ್ತಾಯಿತು. ಸುಮಾರು 800 ಜನಕ್ಕೆಂದು ಕಟ್ಟಿದ ಆ ಸೆರೆಮನೆಯಲ್ಲಿ ಅದರ ಮೂರು ಪಟ್ಟು ಜನರಿದ್ದರು. ಬೀಗ ರೋಗವನ್ನು ಹೊರಗಿಡಲಿಲ್ಲ. ವಕೀಲರನ್ನೂ ತಾಯಂದಿರನ್ನೂ ಮಾತ್ರ ಹೊರಗಿಟ್ಟಿತು.

ವಿಚಿತ್ರವೆಂದರೆ, ಆಗ ನಡೆಯುತ್ತಿದ್ದ ಸೆರೆಮನೆಯ ಕಾಯಿದೆ ಬ್ರಿಟಿಷರು 1894ರಲ್ಲಿ ಮಾಡಿದ್ದು. ಅದರ 7ನೆಯ ಕಲಮನ್ನು ಓದಿ ನೋಡಬೇಕು. ಸೆರೆಮನೆಯಲ್ಲಿ ಜನ ಮಿತಿಮೀರಿದರೆ ಅಥವಾ ಸಾಂಕ್ರಾಮಿಕ ರೋಗ ತಲೆದೋರಿದರೆ ಮಿಕ್ಕ ಕೈದಿಗಳಿಗೆ ತಾತ್ಕಾಲಿಕ ಸೆರೆಮನೆಗಳಲ್ಲಿ ಆಶ್ರಯ ಕಲ್ಪಿಸಬೇಕೆಂದು ಅಲ್ಲಿದೆ. ಮುಂಬಯಿಗೆ ಪ್ಲೇಗು ಬಂದದ್ದು 1896ರಲ್ಲಿ. ಅದಕ್ಕಿಂತ ಎರಡು ವರ್ಷ ಮೊದಲೇ, ನಮ್ಮ ಮೇಲೆ ಮಮತೆಯಿಲ್ಲದ ಪರಕೀಯ ಸರಕಾರವು ರೋಗ ಬಂದರೆ ಜಾಗವನ್ನು ಹಿಗ್ಗಿಸಬೇಕೆಂದು ಬರೆದಿಟ್ಟಿತ್ತು. 40ನೆಯ ಕಲಮು ವಿಚಾರಣಾಧೀನ ಕೈದಿಯು ತನ್ನ ವಕೀಲರನ್ನು ಬೇರೆ ಯಾರೂ ಇಲ್ಲದೆ ಕಾಣಬಹುದೆಂದು ಹೇಳುತ್ತದೆ. 2020ರಲ್ಲಿ ಮಹಾರಾಷ್ಟ್ರವು ಕೆಲವೆಡೆ ಶಾಲೆ, ವಸತಿಗೃಹಗಳ ಕಟ್ಟಡಗಳನ್ನು ತಾತ್ಕಾಲಿಕ ಸೆರೆಮನೆಗಳನ್ನಾಗಿ ಮಾಡಿತೆಂಬುದೂ, ತುರ್ತು ಪೆರೋಲಿಗಾಗಿ ಮೇ ತಿಂಗಳಲ್ಲಿ ನಿಯಮವನ್ನು ತಿದ್ದಿತೆಂಬುದೂ ನಿಜ; ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ದೃಶ್ಯವಾಣಿಯ ಪರದೆಯ ಒಂದು ಬದಿಗೆ ಕೈದಿ, ಅವನ ಹೆಗಲ ಹಿಂದೆಯೇ ಕಾವಲುಗಾರ ನಿಂತಿದ್ದರೆ 40ನೆಯ ಕಲಮು ಎಲ್ಲಿ ಉಳಿಯಿತು? ಮೈಮೇಲೆ ಬಾಸುಂಡೆಯಿದ್ದವನು ಆ ಪರದೆಯ ಮುಂದೆ ಅಂಗಿ ಎತ್ತಿ ತೋರಿಸಿಯಾನೆ?

"ತುರ್ತು ಕಾಲದಲ್ಲಿ ಬೇರೆ ದಾರಿಯಿಲ್ಲ" ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯನ್ನು ಹೇಳಬೇಕಾಗಿದೆ. ಶಿಕ್ಷಕರಾದ ನಮಗೆ ಅದು ವಿಶೇಷವಾಗಿ ಹಿಡಿಸುವಂಥದು. 1962ರ ಅಕ್ಟೋಬರಿನಲ್ಲಿ ಚೀನದ ಆಕ್ರಮಣದ ನಿಮಿತ್ತ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಭಾರತ ರಕ್ಷಣಾ ನಿಯಮಗಳ ಕೆಳಗೆ ಬಂಧಿತರಾದವರಲ್ಲಿ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬವರೊಬ್ಬರು. ಅವರನ್ನು ಮುಂಬಯಿಯ ಜಿಲ್ಲಾ ಸೆರೆಮನೆಯಲ್ಲಿ ಇರಿಸಿದ್ದರು. ಅಲ್ಲಿ ಅವರು ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ರಾಜಕೀಯದ್ದಲ್ಲ, ಪರಮಾಣುವಿನ ಅಂತರಂಗವನ್ನು ಕುರಿತ ವಿಜ್ಞಾನದ ಪುಸ್ತಕ. ಹಸ್ತಪ್ರತಿಯನ್ನು ಅಚ್ಚಿಗಾಗಿ ಹೆಂಡತಿಗೆ ಕಳುಹಿಸಿಕೊಡಿರೆಂದು ಕೇಳಿದರು. ಸರಕಾರ ಒಪ್ಪಲಿಲ್ಲ. ಸರಕಾರದ ವಾದಸರಣಿಯನ್ನು ಗಮನಿಸಬೇಕು: ಬಂಧಿತನಿಗೆ ಏನೇನು ಸೌಕರ್ಯವುಂಟೆಂದು ನಿಯಮಗಳಲ್ಲಿ ಪಟ್ಟಿಯಿದೆ, ಪುಸ್ತಕ ಹೊರಗೆ ಕಳುಹಿಸುವುದು ಆ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿಲ್ಲದ್ದು ಅವನಿಗಿಲ್ಲ. ಮೇಲಾಗಿ 21ನೆಯ ಅನುಚ್ಛೇದವನ್ನು ಅಮಾನತಿನಲ್ಲಿಟ್ಟಿರುವುದರಿಂದ ಅವನು ನ್ಯಾಯಾಲಯದ ಬಾಗಿಲನ್ನು ಬಡಿಯುವಂತೆಯೂ ಇಲ್ಲ.

ಮುಂಬಯಿ ಉಚ್ಚ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಸರಕಾರವು ದಿಲ್ಲಿಗೆ ಮೇಲ್ಮನವಿ ಒಯ್ದಿತು. 1965ರ ಸೆಪ್ಟೆಂಬರಿನಲ್ಲಿ, ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿದ್ದಾಗಲೇ, ನ್ಯಾಯಮೂರ್ತಿ ಸುಬ್ಬರಾಯರು ತೀರ್ಪನ್ನು ಓದಿದರು. ನಿಯಮಗಳು ಬಂಧಿತನಿಗೆ ದಯಪಾಲಿಸಿದ ಸೌಕರ್ಯಗಳ ಪಟ್ಟಿಯಲ್ಲ, ಅವನ ಸ್ವಾತಂತ್ರ್ಯದ ಮೇಲೆ ಹಾಕಿದ ನಿರ್ಬಂಧಗಳ ಪಟ್ಟಿ; ಕಾಯಿದೆ ಸ್ಪಷ್ಟವಾಗಿ ಕಸಿದುಕೊಳ್ಳದಿದ್ದುದು ಅವನಲ್ಲಿಯೇ ಉಳಿದಿರುತ್ತದೆ; ಪುಸ್ತಕವನ್ನು ತಡೆಹಿಡಿಯಲು ಯಾವ ನಿಯಮವೂ ಇಲ್ಲವಾದ್ದರಿಂದ ಅದನ್ನು ಕಳುಹಿಸಲೇಬೇಕು. ತಾತ್ಪರ್ಯ ಇದು. ರಣರಂಗದಲ್ಲಿ ತೋಪುಗಳು ಹಾರುತ್ತಿದ್ದಾಗ ಒಬ್ಬ ಕೈದಿಯ ಕಾಗದದ ಕಟ್ಟಿಗಾಗಿ ದೇಶದ ಪರಮೋಚ್ಚ ಪೀಠವು ಸಮಯ ಮಾಡಿಕೊಂಡಿತು. ದೇಶಕ್ಕೆ ಅದರಿಂದ ಕೂದಲೂ ಕೊಂಕಲಿಲ್ಲ.

ಹತ್ತೇ ವರ್ಷಗಳಲ್ಲಿ ಗಾಳಿ ತಿರುಗಿತು. ಅದನ್ನು ಹೇಳುವ ಮುನ್ನ ವಿದ್ಯಾರ್ಥಿಗಳಿಗಾಗಿ ಒಂದು ಮಾತು. 21ನೆಯ ಅನುಚ್ಛೇದದ ಪ್ರಕಾರ, ಕಾಯಿದೆಯಿಂದ ಸ್ಥಾಪಿತವಾದ ವಿಧಾನದ ಹೊರತು ಯಾರ ಪ್ರಾಣವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ. ಮೊದಲ ಕರಡಿನಲ್ಲಿ ಅಮೆರಿಕದವರ ಮಾದರಿಯ, ಇನ್ನೂ ಬಲವಾದ ಮಾತಿತ್ತು. ವಿಧಾನವು ನ್ಯಾಯಯುತವೇ ಎಂದು ಪರೀಕ್ಷಿಸುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಡುತ್ತಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಬಂದರು. ಆ ಮಾತು ಚುನಾಯಿತ ಸಭೆಯ ಮೇಲೆ ನ್ಯಾಯಾಧೀಶರಿಗೆ ಅತಿಯಾದ ಹಿಡಿತ ಕೊಡುತ್ತದೆಂಬ ಸಲಹೆ ಅಲ್ಲಿ ದೊರಕಿತು. ಕರಡು ಬದಲಾಯಿತು. ರಾಯರ ಪಾಂಡಿತ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಒಂದು ಮಾತಿನ ಬದಲಾವಣೆಗೆ ಬೆಲೆ ತೆತ್ತವರು ಸೆರೆಮನೆಯಲ್ಲಿದ್ದವರು. ವಿಧಾನವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ನ್ಯಾಯಾಲಯವು ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಹೇಳುವ ಹೊತ್ತಿಗೆ 1978 ಬಂದಿತ್ತು.

ಅಷ್ಟರೊಳಗೆ ಆಗಬಾರದ್ದು ಆಗಿಹೋಗಿತ್ತು. 1975ರ ಜೂನ್ 25ರ ರಾತ್ರಿ ಆಂತರಿಕ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಂಗಳೂರಿನಲ್ಲಿ ಬಂಧಿತರಾದವರು ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ. ಇವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯ ಹೇಳಿತು. ಒಟ್ಟು ಒಂಬತ್ತು ಉಚ್ಚ ನ್ಯಾಯಾಲಯಗಳು ಹಾಗೆಯೇ ಹೇಳಿದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಬಂಧಿತನು ತನ್ನ ಬಂಧನವನ್ನು ಪ್ರಶ್ನಿಸುವಂತೆಯೇ ಇಲ್ಲವೆಂದು ತೀರ್ಪಿತ್ತರು. ಅಧಿಕಾರಿಯೊಬ್ಬನು ಬಂಧಿತನ ಪ್ರಾಣವನ್ನೇ ತೆಗೆದರೆ? ಎಂದು ನ್ಯಾಯಮೂರ್ತಿ ಖನ್ನಾ ವಿಚಾರಣೆಯಲ್ಲಿ ಕೇಳಿದ್ದರು. ಆಗಲೂ ಪರಿಹಾರವಿಲ್ಲವೆಂದು ಸರಕಾರದ ಪರವಾಗಿ ಉತ್ತರ ಬಂದಿತ್ತು. ನ್ಯಾಯಮೂರ್ತಿ ಬೇಗ್ ಅವರಂತೂ ಬಂಧಿತರ ಮೇಲೆ ಸರಕಾರವು ತೋರಿಸುವ ಕಾಳಜಿ ತಾಯಿಯ ಕಾಳಜಿಯಂತಿದೆಯೆಂದು ಬರೆದರು. ಭಿನ್ನಮತ ಬರೆದ ಖನ್ನಾ ಒಬ್ಬರೇ. ಮುಂದಿನ ವರ್ಷ ಅವರಿಗೆ ಸಲ್ಲಬೇಕಾಗಿದ್ದ ಮುಖ್ಯ ನ್ಯಾಯಾಧೀಶ ಪದವಿ ತಪ್ಪಿತು, ಬೇಗ್ ಅವರಿಗೆ ದೊರಕಿತು.

ಆ ತಾಯಿಯ ಕಾಳಜಿ ಹೇಗಿತ್ತೆಂಬುದನ್ನು ಕನ್ನಡಿಗರು ಮರೆಯಬಾರದು. ತೀರ್ಪಾಗಿ ನಾಲ್ಕೇ ದಿನಕ್ಕೆ, 1976ರ ಮೇ 2ರಂದು, 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿದರು. ಬೆಂಗಳೂರಿನ ಕೇಂದ್ರ ಸೆರೆಮನೆಯ ಒಂಟಿ ಕೋಣೆಯಲ್ಲಿಟ್ಟರು. ಡೈನಮೈಟ್ ಮೊಕದ್ದಮೆಯ ಹೆಸರು ಹೇಳಿದರೂ ಕೊನೆಯ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ; ಆದರೂ ಬಿಡಲಿಲ್ಲ. ಅವರಿಗೆ ತೀವ್ರವಾದ ಉಬ್ಬಸ. ಎಂಟು ತಿಂಗಳ ಮೇಲೆ, 1977ರ ಜನವರಿ 15ರಂದು, ದೇಹಸ್ಥಿತಿ ಕೈಮೀರಿದಾಗ ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಆ ಎಂಟು ತಿಂಗಳಲ್ಲಿ ಯಾವ ನ್ಯಾಯಾಧೀಶನಾದರೂ ಆ ಕೋಣೆಗೆ ಬಂದು, ಈ ರೋಗಿಯನ್ನು ಏಕೆ ಒಂಟಿಯಾಗಿಟ್ಟಿದ್ದೀರಿ ಎಂದು ಕೇಳಬಹುದಾಗಿತ್ತು. ಕೇಳುವ ಅಧಿಕಾರವನ್ನೇ ನಾಲ್ವರು ಬಿಟ್ಟುಕೊಟ್ಟಿದ್ದರು. "ಮೊದಲು ಜೀವ, ಆಮೇಲೆ ಕಾಯಿದೆ" ಎಂದ ನಮ್ಮ ಮಿತ್ರರು ಇದಕ್ಕೆ ಏನೆನ್ನುವರೋ! ಇಲ್ಲಿ ಕಾಯಿದೆ ಮೊದಲು ಹೋಯಿತು. ಅದರ ಹಿಂದೆ ಜೀವ ಹೋಯಿತು.

ತಪ್ಪನ್ನು ತಿದ್ದಿಕೊಳ್ಳಲು ದೇಶಕ್ಕೆ ನಾಲ್ಕು ದಶಕ ಹಿಡಿಯಿತು. 1978ರ 44ನೆಯ ತಿದ್ದುಪಡಿಯಿಂದ, 20 ಮತ್ತು 21ನೆಯ ಅನುಚ್ಛೇದಗಳನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡುವಂತಿಲ್ಲವೆಂದಾಯಿತು. ಅದೇ ತಿದ್ದುಪಡಿಯಲ್ಲಿ ವಿಚಾರಣೆಯಿಲ್ಲದ ಬಂಧನವನ್ನು ಬಿಗಿಗೊಳಿಸುವ ಇನ್ನೊಂದು ಭಾಗವಿತ್ತು; ಬಂದುಹೋದ ಸರಕಾರಗಳಲ್ಲಿ ಒಂದೂ ಅದನ್ನು ಜಾರಿಗೆ ತರಲಿಲ್ಲ, ಒಂದು ಪಕ್ಷವನ್ನಷ್ಟೇ ಬಯ್ಯುವವರು ಇದನ್ನು ಲಕ್ಷಿಸಬೇಕು. 1976ರ ತೀರ್ಪನ್ನು ಸ್ಪಷ್ಟವಾಗಿ ಅಳಿಸಿಹಾಕಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 1976ರ ನಾಲ್ವರಲ್ಲಿ ಒಬ್ಬರಾಗಿದ್ದ ಚಂದ್ರಚೂಡರ ತೀರ್ಪು ತಪ್ಪೆಂದು ಬರೆದವರಲ್ಲಿ ಅವರ ಮಗನೇ ಒಬ್ಬರು.

ಈ ಪಾಠ ಪುಸ್ತಕದಲ್ಲಿ ಉಳಿಯಲಿಲ್ಲವೆಂಬುದಕ್ಕೆ 2020ರ ಜೂನ್ 19ರ ತೀರ್ಪೇ ಸಾಕ್ಷಿ. ಆಗ ನಡೆಯುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 167ನೆಯ ಕಲಮಿನಂತೆ (2023ರ ಹೊಸ ಸಂಹಿತೆಯಲ್ಲಿ ಇದು 187) ಪೊಲೀಸರು 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಕೊಡಲೇಬೇಕು. ಲಾಕ್‌ಡೌನಿನ ನಿಮಿತ್ತ ನ್ಯಾಯಾಲಯದ ಕಾಗದಪತ್ರಗಳ ಗಡುವುಗಳನ್ನೆಲ್ಲ ವಿಸ್ತರಿಸಿದ್ದರಿಂದ ಪೊಲೀಸರ ಗಡುವೂ ವಿಸ್ತರಿಸಿತೆಂದು ಮದ್ರಾಸು ಉಚ್ಚ ನ್ಯಾಯಾಲಯದ ಒಬ್ಬ ನ್ಯಾಯಮೂರ್ತಿ ಹೇಳಿದ್ದರು. ಎಸ್. ಕಾಸಿ ಎಂಬವರ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಗಲ್ಲವೆಂದಿತು. ಲಾಕ್‌ಡೌನು ತುರ್ತುಪರಿಸ್ಥಿತಿಯ ಘೋಷಣೆಯಲ್ಲ. ಘೋಷಣೆಯಿದ್ದಾಗಲೂ 21ನೆಯ ಅನುಚ್ಛೇದ ಉಳಿಯುತ್ತದೆ. ದಿನ ತುಂಬಿದರೆ ಜಾಮೀನು ಅವನ ಹಕ್ಕು. ರೋಗದ ಭಯ ಏರುತ್ತಿದ್ದ ದಿನಗಳಲ್ಲಿಯೇ ಈ ಮಾತನ್ನು ಹೇಳಲು ಸಾಧ್ಯವಾಯಿತಲ್ಲವೆ? ಹಾಗಾದರೆ "ಆ ಹೊತ್ತಿನಲ್ಲಿ ವಿಧಿವಿಧಾನ ಎಲ್ಲಿಂದ ತರೋಣ" ಎಂಬ ಪ್ರಶ್ನೆಗೆ ಅರ್ಥವೇನು?

ಸೆರೆಮನೆಯ ಒಳಗಿನ ಬೀಗಕ್ಕೂ ಅಳತೆಯುಂಟು. ದಿಲ್ಲಿಯ ತಿಹಾರ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನೀಲ್ ಬಾತ್ರಾ ಎಂಬ ಕೈದಿ, ವಾರ್ಡರನೊಬ್ಬನು ಬೇರೊಬ್ಬ ಕೈದಿಯನ್ನು ಹಿಂಸಿಸಿದ್ದನ್ನು ಕಂಡು, ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದನು. ಆ ಕಾಗದವನ್ನೇ ಅರ್ಜಿಯೆಂದು ಭಾವಿಸಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು 1979ರ ಡಿಸೆಂಬರಿನಲ್ಲಿ ತೀರ್ಪಿತ್ತರು. ಒಂಟಿ ಕೋಣೆ, ಶಿಕ್ಷೆಯ ರೂಪದ ಆಹಾರ ಬದಲಾವಣೆ, ಸೌಕರ್ಯಗಳ ನಿರಾಕರಣೆ, ದೂರದ ಸೆರೆಮನೆಗೆ ವರ್ಗಾವಣೆ, ಇವನ್ನು ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆಯಿಲ್ಲದೆ ಮಾಡಕೂಡದು. ತುರ್ತಿನಿಂದಾಗಿ ಮೊದಲೇ ತಿಳಿಸುವುದು ಕಷ್ಟವಾದರೆ, ಕ್ರಮ ಕೈಕೊಂಡ ಎರಡು ದಿನಗಳೊಳಗೆ ತಿಳಿಸಬೇಕು. ನಮ್ಮ ಮಿತ್ರರ ಪ್ರಶ್ನೆಗೆ ಈ "ಎರಡು ದಿನ" ಎಂಬುದೇ ಉತ್ತರ. ಅಧಿಕಾರಿಯ ಕೈಯನ್ನು ಯಾರೂ ಕಟ್ಟಿಲ್ಲ. ಬೆಂಕಿ ಬಿದ್ದಾಗ ಅವನು ಬೀಗ ಹಾಕಲಿ. ಆದರೆ ಮೂರನೆಯ ದಿನ ಬೆಳಗಾಗುವುದರೊಳಗೆ, ಏಕೆ ಹಾಕಿದೆನೆಂದು ಹೊರಗಿನ ಒಬ್ಬರಿಗೆ ಬರೆದು ತಿಳಿಸಿರಲಿ. ಒಂದು ಹಾಳೆ ಕಾಗದಕ್ಕೂ ಬಿಡುವಿಲ್ಲದಷ್ಟು ತುರ್ತು ತಿಂಗಳುಗಟ್ಟಲೆ ಇರುತ್ತದೆಂದರೆ ನಾನು ನಂಬಲಾರೆ.

ಇನ್ನೊಂದು ಆಕ್ಷೇಪ ಉಂಟು. ಕೂಟ ಮುಗಿದ ಮೇಲೆ ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿರುವಾಗ ಯಾರೋ ಅಂದರು: "ಕಳ್ಳಕಾಕರಿಗಾಗಿ ಇಷ್ಟೆಲ್ಲ ಏಕೆ?" 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಿದ್ಧವಾಗಿರಲಿಲ್ಲ. ಇನ್ನು ಸೆರೆಮನೆಗೆ ಹೋದವರೆಲ್ಲ ಕಳ್ಳಕಾಕರೆಂದು ಮರಾಠವಾಡೆಯ ಈ ಮೂಲೆಯಲ್ಲಿ ಯಾರೂ ಅನ್ನಬಾರದು. ನಮ್ಮ ನೆರೆಯ ಹಿಪ್ಪರಗಿಯ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರರಾಗಿದ್ದ, ವಿಜಾಪುರ ಸೀಮೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ನಿಜಾಮರ ಸೆರೆಮನೆಗಳನ್ನು ಕಂಡವರು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ ಅವರು ಬಂಧಿತರಾದರು. ನಿಜಾಮರ ಸರಕಾರಕ್ಕೂ ಅದು ತುರ್ತು ಕಾಲವೇ ಆಗಿತ್ತು.

ಹತ್ತಿರದ ಕಾಲದಲ್ಲಿ ಮುಂಬಯಿ ಬಳಿಯ ತಳೋಜಾ ಸೆರೆಮನೆಯಲ್ಲಿ ಸ್ಟ್ಯಾನ್ ಸ್ವಾಮಿ ಎಂಬ ಪಾದ್ರಿಯವರಿದ್ದರು. ಹಿಂದೊಮ್ಮೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. 2020ರ ಅಕ್ಟೋಬರಿನಲ್ಲಿ ಬಂಧಿತರಾದಾಗ ವಯಸ್ಸು 83, ಕೈನಡುಗುವ ಪಾರ್ಕಿನ್ಸನ್ ರೋಗ. ನೀರು ಕುಡಿಯಲು ನಳಿಕೆಯುಳ್ಳ ಲೋಟ ಬೇಕೆಂದು ನವೆಂಬರ್ 6ರಂದು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರು. ಉತ್ತರಕ್ಕೆ ತನಿಖಾ ಸಂಸ್ಥೆ 20 ದಿನ ಕೇಳಿತು. 26ರಂದು, ಅವರ ಲೋಟವನ್ನು ತಾನು ತೆಗೆದುಕೊಂಡಿಲ್ಲವೆಂದು ಹೇಳಿತು. ಜಾಮೀನಿನ ಅರ್ಜಿ ಇತ್ಯರ್ಥವಾಗುವ ಮೊದಲೇ, 2021ರ ಜುಲೈ 5ರಂದು, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪದ ಸತ್ಯಾಸತ್ಯವನ್ನು ನಾನು ಇಲ್ಲಿ ನಿರ್ಣಯಿಸುತ್ತಿಲ್ಲ. ನಿರ್ಣಯಿಸಬೇಕಾದ ನ್ಯಾಯಾಲಯಕ್ಕೇ ಅದು ಸಾಧ್ಯವಾಗಲಿಲ್ಲ. ಒಂದು ಲೋಟಕ್ಕೆ ಇಪ್ಪತ್ತು ದಿನ. ತುರ್ತು ಎಂಬುದು ಬೀಗ ಹಾಕುವಾಗ ಮಾತ್ರ ನೆನಪಾಗುವ ಮಾತೆ?

ಕೊನೆಗೆ ನಮಗೆ ನೇರವಾಗಿ ಸಂಬಂಧಪಟ್ಟ ಸಂಗತಿ. 1961ರಲ್ಲಿ ನಾಗಪುರದಲ್ಲಿ ಹರಿಕಿಶನ್ ಎಂಬವರನ್ನು ಮುಂಜಾಗ್ರತೆಯ ಕಾಯಿದೆಯಂತೆ ಬಂಧಿಸಿ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಅವರಿಗೆ ಬರುತ್ತಿದ್ದುದು ಹಿಂದಿ. ಹಿಂದಿಯಲ್ಲಿ ಕೊಡಿರೆಂದರೆ ಇಂಗ್ಲಿಷೇ ಆಡಳಿತ ಭಾಷೆಯೆಂದು ನಿರಾಕರಿಸಿದರು. 1962ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ಕೊಡದಿದ್ದರೆ ಕಾರಣ ಕೊಟ್ಟಂತೆಯೇ ಅಲ್ಲವೆಂದು ಹೇಳಿ ಅವರನ್ನು ಬಿಡಿಸಿತು. ಬಾಯಲ್ಲಿ ವಿವರಿಸಿದೆನೆಂದು ಅಧಿಕಾರಿ ಹೇಳಿದರೆ ಸಾಲದು, ಬರೆದುಕೊಡಬೇಕೆಂದು ಮುಂದೆ ಗುಜರಾತಿಯೊಬ್ಬರ ಮೊಕದ್ದಮೆಯಲ್ಲಿಯೂ ತೀರ್ಪಾಯಿತು. ಸುನೀಲ್ ಬಾತ್ರಾ ತೀರ್ಪಿನಲ್ಲಿ, ಕೈದಿಯ ಹಕ್ಕುಬಾಧ್ಯತೆಗಳ ಕೈಪಿಡಿಯೊಂದನ್ನು ಹಿಂದಿಯಲ್ಲಿ ಅಚ್ಚುಮಾಡಿ ಕೈದಿಗಳಿಗೆ ಹಂಚಬೇಕೆಂಬ ಆದೇಶವಿದೆ. ತಿಹಾರಕ್ಕೆ ಹಿಂದಿಯಾದರೆ ಇಲ್ಲಿಗೆ ಯಾವುದು? ಮಾಕಣಿ, ಉಮರ್ಗಾ, ನಿಲಂಗಾ, ಉದಗೀರಗಳ ಕಡೆಯ ಕನ್ನಡದವನೊಬ್ಬನು ಧಾರಾಶಿವದ ಅಥವಾ ಲಾತೂರಿನ ಸೆರೆಮನೆಗೆ ಹೋದನೆನ್ನೋಣ. ಸಂತೆಯ ಮರಾಠಿ ಅವನಿಗೆ ಬಂದೀತು; ನ್ಯಾಯಾಲಯದ ಮರಾಠಿ ಬರುವುದೆ? ಸಾಮಾನ್ಯ ದಿನಗಳಲ್ಲಿ ಮುಲಾಖತಿಗೆ ಬಂದ ತಮ್ಮನೋ ಪಕ್ಕದ ಕೈದಿಯೋ ಓದಿ ಹೇಳುತ್ತಾರೆ. ಬಾಗಿಲುಗಳೆಲ್ಲ ಮುಚ್ಚಿದ ದಿನ ಅವನ ಕೈಯಲ್ಲಿ ಉಳಿಯುವುದು ತಾನು ಓದಲಾರದ ಒಂದು ಹಾಳೆ.

ಆದ್ದರಿಂದ ಮುಂದಿನ ಕೂಟದಲ್ಲಿ ನಾನೊಂದು ಠರಾವನ್ನು ಮಂಡಿಸಲಿದ್ದೇನೆ. ಮೇಲೆ ಹೇಳಿದ ಮಿತ್ರರೇ ಅನುಮೋದಿಸಿದರೆ ಸಂತೋಷ. ಬಂಧಿತನಾದವನು ಯಾರಿಗೆ, ಎಷ್ಟು ದಿನದೊಳಗೆ, ಏನೆಂದು ಅರ್ಜಿ ಬರೆಯಬಹುದು. ಒಂಟಿ ಕೋಣೆಗೆ ಹಾಕಿದರೆ ಎರಡು ದಿನಗಳ ನಿಯಮವೇನು. ಪುಕ್ಕಟೆ ವಕೀಲರನ್ನು ಕೇಳುವುದು ಹೇಗೆ, ಇಷ್ಟನ್ನು ಎರಡು ಪುಟಗಳ ತಿಳಿಗನ್ನಡದಲ್ಲಿ ಬರೆದು, ಈ ಪತ್ರಿಕೆಯ ಯಂತ್ರದಲ್ಲಿಯೇ ನೂರು ಪ್ರತಿ ತೆಗೆದು, ಧಾರಾಶಿವ ಮತ್ತು ಲಾತೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿಗೆ ನಮ್ಮ ಮನವಿಯೊಡನೆ ಕಳುಹಿಸತಕ್ಕದ್ದು. ಕರಡನ್ನು ನಾನು ತರುತ್ತೇನೆ. ಏಳನೆಯ ವರ್ಗದ ವಿದ್ಯಾರ್ಥಿಗಳು ಅದನ್ನು ಗಟ್ಟಿಯಾಗಿ ಓದಿ, ಅರ್ಥವಾಗದ ಮಾತುಗಳ ಕೆಳಗೆ ಗೆರೆ ಎಳೆದುಕೊಟ್ಟರೆ ಸ್ಟೆನ್ಸಿಲ್ ಕೊರೆಯುವ ಮೊದಲು ತಿದ್ದಬಹುದು.